ಎಂಜಿನ್ನು ಜೋತುಬಿದ್ದ ಬೋಲ್ಟು

ವಿಮಾನ, ಹೆಲಿಕಾಪ್ಟರುಗಳ ನಿರ್ಮಾಣದಲ್ಲಿಯೇ ಅರ್ಧ ಆಯುಷ್ಯವನ್ನು ಸವೆಸಿದ್ದ, ಮೋಟಾರ್ ಸೈಕಲ್ಲೆಂದರೆ ಮೂಗು ಮುರಿಯುತ್ತಿದ್ದ ಕೊರಾದಿನೋ ದಾಸ್ಕಾನಿಯೋ ಎಂಬ ಇಟಲಿಯ ಎಂಜಿನಿಯರು 1946ರಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿದಾಗ, ಬಟ್ಟೆಗೆ ಮಸಿ ಬಳಿಯುವ ಚೈನನ್ನು ನಿರ್ದಾಕ್ಷಿಣ್ಯವಾಗಿ ಕಿತ್ತೊಗೆದನು. ಚೈನು ಹೋದ ಮೇಲೆ ಎಂಜಿನ್ನು ಹಿಂಚಕ್ರದ ಪಕ್ಕದಲ್ಲಿಯೇ ಕೂರಬೇಕಾಯಿತು. ಚಕ್ರವು ಹಳ್ಳದಲ್ಲಿ ಇಳಿದು ಏರಿದಂತೆಲ್ಲ ತಾನೂ ಇಳಿದೇರಬೇಕಾಯಿತು. ಮೋಟಾರ್ ಸೈಕಲ್ಲಿನಲ್ಲಿ ಸ್ವಿಂಗ್ ಆರ್ಮ್ ಎಂಬ ಪ್ರತ್ಯೇಕ ಅಂಗವು ನಿರ್ವಹಿಸುವ ಕಾರ್ಯವನ್ನು ಇಲ್ಲಿ ಎಂಜಿನ್ನಿನ ಕೇಸೇ ನಿರ್ವಹಿಸುವುದು. ಅದರ ಮುಂತುದಿಯಲ್ಲೊಂದು ಅಡ್ಡ ಕೊಳವೆ, ಕೊಳವೆಯ ಎರಡು ಕೊನೆಗಳಲ್ಲಿ ರಬ್ಬರಿನ ಬುಷ್ಷು, ಅವೆಲ್ಲವನ್ನೂ ಹಾದುಹೋಗುವ ಉದ್ದನೆಯ ಬೋಲ್ಟು. 1960ರ ದಶಕದಲ್ಲಿ ಈ ವಿನ್ಯಾಸವು ಬಜಾಜ್ ಕಂಪನಿಯ ಮೂಲಕ ಪುಣೆಗೆ ಬಂದು, ಗುಮಾಸ್ತರ, ಮೇಷ್ಟರುಗಳ ಮನೆಬಾಗಿಲನ್ನು ತಲಪಿತು. ಹಣ ಕಟ್ಟಿ ವರ್ಷಗಟ್ಟಲೆ ಕಾದು ಪಡೆದ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಮುಂದೆ ನಿಂತ ಹಿರಿಮಗ, ನಡುವೆ ಸಿಕ್ಕಿಕೊಂಡ ಕಿರಿಮಗಳು, ಸಾಲದುದಕ್ಕೆ ತರಕಾರಿಯ ಚೀಲ. ಈ ಸಮಸ್ತ ಸಂಸಾರಭಾರದ ಒಂದು ಪಾಲನ್ನು ಹೊತ್ತ ಆ ಬುಷ್ಷುಗಳ ಹೆಸರನ್ನು ಕೇಳಿದವರೇ ವಿರಳ.

ತೀರ್ಥರೂಪರಿಂದ ನನಗೆ ಬಂದ ಸ್ಕೂಟರಿನ ಕೇಸು ವಯೋಧರ್ಮದಿಂದ ಬಿರುಕುಬಿಟ್ಟಾಗ, ನಮ್ಮ ಮೆಕ್ಯಾನಿಕ್ ಸಾಬರು ಶಿವಾಜಿನಗರದ ಗುಜರಿಯಿಂದ ಬೇರೊಂದು ಮಾದರಿಯ ಕೇಸನ್ನು ಹುಡುಕಿ ತಂದರು. "ಕೇಸೇನೋ ಸಿಕ್ತು ಸಾರ್, ಬುಷ್ಷು ಲೂಸು" ಎನ್ನುತ್ತ ಹೊಸ ಬುಷ್ಷನ್ನು ರಂಧ್ರದೊಳಕ್ಕೆ ಬಿಟ್ಟು ಬೆರಳಿನಿಂದ ತಿರುಗಿಸಿ ತೋರಿಸಿದರು. ಕಚ್ಚಿ ಹಿಡಿಯಬೇಕಾದುದು ಬಡಕಲು ಕೈಯ ಬಳೆಯಂತೆ ಸುತ್ತುತ್ತಿದ್ದಿತು. ತಗಡಿನ ಚೂರನ್ನು ತುರುಕಿ ಸುತ್ತಿಗೆಯಿಂದ ಬಡಿದು ಕೈತೊಳೆದುಕೊಳ್ಳುವವರೂ ಉಂಟು. ಸಾಬರು ಆ ಪೈಕಿಯವರಲ್ಲ. ಚೈನಿನ ಗಾಡಿಯಲ್ಲಿ ಹಿಂಚಕ್ರ ಓರೆಯಾದರೆ ಅಡ್ಜಸ್ಟರು ತಿರುಗಿಸಿ ನೇರ ಮಾಡಬಹುದು. ಇಲ್ಲಿಯೋ, ಚಕ್ರವು ಕೇಸಿನಿಂದಲೇ ಹೊರಟ ಆಕ್ಸಲಿನ ಮೇಲೆ ಕುಳಿತಿರುವುದರಿಂದ, ಬುಷ್ಷು ಕೂದಲೆಳೆಯಷ್ಟು ವಾಲಿದರೂ ಮುಂಚಕ್ರ ಮಲ್ಲೇಶ್ವರಕ್ಕೂ ಹಿಂಚಕ್ರ ಬಸವನಗುಡಿಗೂ ಹೊರಡುವುವು. ಆದುದರಿಂದ ಲೇತಿನವನು ಕೇಸನ್ನು ಕದಲಿಸದೆ ಎರಡು ರಂಧ್ರಗಳನ್ನೂ ಒಂದೇ ನೇರದಲ್ಲಿ ಬೋರ್ ಮಾಡಿ, ರಂಧ್ರಕ್ಕಿಂತ ಒಂದಿಷ್ಟೇ ದಪ್ಪನಾದ ಉಕ್ಕಿನ ಸ್ಲೀವುಗಳನ್ನು ಕಡೆದುಕೊಟ್ಟನು. ಶಾಖಕ್ಕೆ ಅಲ್ಯೂಮಿನಿಯಮ್ಮು ಉಕ್ಕಿನ ಸುಮಾರು ಇಮ್ಮಡಿ ಹಿಗ್ಗುವುದಷ್ಟೆ. ಕಾಯಿಸಿದ ಕೇಸಿನೊಳಕ್ಕೆ ಸ್ಲೀವು ತಾನೇ ಜಾರಿ ಕುಳಿತು, ಆರಿದೊಡನೆ ಕಲ್ಲಿನಂತೆ ಕಚ್ಚಿತು. ಓಡುವಾಗ ಎಂಜಿನ್ನು ಮತ್ತೆ ಕಾಯುವುದರಿಂದ, ಆಗಲೂ ಸಡಿಲವಾಗದಷ್ಟು ಬಿಗಿಯನ್ನು ಮೊದಲೇ ಬಿಟ್ಟಿರಬೇಕೆಂಬುದು ಸಾಬರ ಕಟ್ಟಪ್ಪಣೆ.

ಸ್ಲೀವಿನೊಳಗೆ ಬುಷ್ಷು ಕೂತಮೇಲೆ ಇನ್ನೊಂದು ವಿಧಿ ಉಳಿದಿತ್ತು. ಬೇರಿಂಗಿನಂತೆ ಈ ಬುಷ್ಷು ಉರುಳತಕ್ಕದ್ದಲ್ಲ. ಒಳಗಿನ ನಳಿಗೆಯನ್ನು ಬೋಲ್ಟು ಬಿಗಿಹಿಡಿದಿರುವಾಗ ನಡುವಣ ರಬ್ಬರು ತಿರುಚಿಕೊಂಡು ಮರಳುವುದು. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ನಟ್ಟು ಬಿಗಿದರೆ, ಸವಾರ ಕೂರುವ ಮುನ್ನವೇ ರಬ್ಬರಿನ ಅರ್ಧ ಪ್ರಾಣ ತಿರುಚಿನಲ್ಲಿ ಕಳೆದಂತೆ. "ಹತ್ತಿ ಕೂತ್ಕೊಳ್ಳಿ ಸಾರ್" ಎಂದರು ಸಾಬರು. ಹಾದಿಹೋಕರು ನೋಡುತ್ತಿರಲು, ನಾನು ಹ್ಯಾಂಡಲನ್ನು ಹಿಡಿದು ಎಲ್ಲಿಗೂ ಹೋಗದ ಸ್ಕೂಟರಿನ ಮೇಲೆ ಗಂಭೀರವಾಗಿ ಕುಳಿತೆನು. ಅವರು ಕೆಳಗೆ ಬಗ್ಗಿ ಸ್ಪ್ಯಾನರಿನಿಂದ ನಟ್ಟನ್ನು ಬಿಗಿದರು.

ಗಾಡಿಯೇನೋ ನೇರವಾಗಿ ಓಡುತ್ತಿದೆ. ಆದರೆ ಎಂಜಿನ್ ನಂಬರು ಕೇಸಿನ ಮೇಲೆಯೇ ಕೊರೆದಿರುವುದರಿಂದ ಆರ್.ಸಿ. ಪುಸ್ತಕದಲ್ಲಿ ತಿದ್ದುಪಡಿಯಾಗಬೇಕು, ಅದಕ್ಕೆ ಕೇಸನ್ನು ಕೊಂಡ ಬಿಲ್ಲು ಬೇಕು. ಗುಜರಿಯವನು ಬಿಲ್ಲು ಬರೆದುಕೊಟ್ಟದ್ದುಂಟೆ! ಸಾಬರು ದಿನವೂ ಅವನಿಗೆ ಟೀ ಕುಡಿಸುತ್ತಿದ್ದಾರೆ.