ಮೂರನೆಯ ಸಲ ಅವಳು ಬಾಯಿ ಬಿಡಲಿಲ್ಲ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. 2015ರಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಶಿಕ್ಷಕರೊಬ್ಬರ ಮೇಲೆ ದೂರು ಹೇಳಿದಳು. ಆಡಳಿತ ಮಂಡಳಿ ಮೂವರ ಸಮಿತಿ ಮಾಡಿತು. ಹೆಂಗಸರೊಬ್ಬರು ಇರಲಿ ಎಂದು ನನ್ನನ್ನೂ ಸೇರಿಸಿಕೊಂಡರು.

ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕ ಬಂದರೂ ಸಾಕು, ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಅದರ 19ನೇ ಕಲಮು. ತಿಳಿಸದವರಿಗೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗೆ. ಮೊದಲು ನೀವೇ ವಿಚಾರಿಸಿ, ಖಾತ್ರಿ ಮಾಡಿಕೊಂಡು ಆಮೇಲೆ ಹೇಳಿ ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ನಾವು ಕೂತದ್ದು ವಿಚಾರಿಸಲಿಕ್ಕೆ.

ಹೆಡ್‌ಮಾಸ್ಟರ ಕೋಣೆಯಲ್ಲಿ ನಾವು ಮೂವರು ಕುರ್ಚಿಗಳಲ್ಲಿ, ಅವಳು ಮೇಜಿನ ಆಚೆ ನಿಂತು. ಮೊದಲ ಸಲ ಎಲ್ಲವನ್ನೂ ಹೇಳಿದಳು. ಇನ್ನೊಮ್ಮೆ ಹೇಳು ಎಂದೆವು. ಮಂಗಳವಾರ ಅಂದಿದ್ದವಳು ಬುಧವಾರ ಅಂದಳು. ಅಷ್ಟನ್ನೇ ಹಿಡಿದುಕೊಂಡೆವು. "ನಿಜ ಹೇಳಮ್ಮ, ಯಾರಾದರೂ ಹೇಳಿಕೊಟ್ಟರಾ?" ಎಂದು ಕೇಳಿದವಳು ನಾನು. "ಇಲ್ಲ ಮಿಸ್" ಅಂದಳು. ಮತ್ತೆ ಮೊದಲಿಂದ ಹೇಳು ಅಂದಾಗ ಬಾಯಿ ಬಿಡಲಿಲ್ಲ. ವೇಲಿಗೆ ಚುಚ್ಚಿದ್ದ ಪಿನ್ನನ್ನು ಬಿಚ್ಚುತ್ತಾ, ಮತ್ತೆ ಹಾಕುತ್ತಾ ನಿಂತಿದ್ದಳು. ನಡಾವಳಿ ಪುಸ್ತಕದಲ್ಲಿ ನಾವು ಬರೆದದ್ದು: "ವಿದ್ಯಾರ್ಥಿನಿಯ ಹೇಳಿಕೆಯಲ್ಲಿ ಸ್ಪಷ್ಟತೆ ಇಲ್ಲ. ಉಭಯತ್ರರ ಒಪ್ಪಿಗೆಯಿಂದ ಪ್ರಕರಣ ಇತ್ಯರ್ಥಪಡಿಸಲಾಗಿದೆ." ಕೆಳಗೆ ಮೂರು ಸಹಿ.

ಒಪ್ಪಿಗೆ ಎಂದರೆ ಏನು ಒಪ್ಪಿಗೆ! ಅವಳ ತಂದೆ ಪವರ್‌ಲೂಮ್ ಕೆಲಸಗಾರ, ತಾಯಿ ಗಾರ್ಮೆಂಟ್ಸ್‌ಗೆ ಹೋಗುವವರು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಕೇಸು, ಕೋರ್ಟು ಅಂತ ಹೋದರೆ ಹೆಣ್ಣುಮಗಳ ಮುಂದಿನ ಗತಿ ಏನು ಎಂದು ನಾವೇ ಹೆದರಿಸಿದೆವು. "ನಮ್ಗೇನ್ ಗೊತ್ತಾಯ್ತದೆ ಮೇಡಂ, ನೀವು ಓದಿರೋರು, ನೀವ್ ಹೇಳ್ದಂಗೇ ಆಗ್ಲಿ" ಅಂದರು ತಾಯಿ. ಮುಚ್ಚಳಿಕೆ ಬರೆಸಿಕೊಂಡೆವು. ಹುಡುಗಿ ಟಿ.ಸಿ. ತೆಗೆದುಕೊಂಡು ನೆಲಮಂಗಲದ ಸಂಬಂಧಿಕರ ಮನೆಗೆ ಹೋದಳು. ಆ ಶಿಕ್ಷಕ ವರ್ಷದ ಕೊನೆಗೆ ರಾಜೀನಾಮೆ ಕೊಟ್ಟ. ಹೋಗುವಾಗ ಶಾಲೆ ಕೊಟ್ಟ ಅನುಭವ ಪತ್ರದಲ್ಲಿ "ನಡತೆ ತೃಪ್ತಿಕರ" ಎಂದಿತ್ತು. ಅದು ನನಗೆ ಗೊತ್ತಿತ್ತು.

ಹಿಂದಿನ ವರ್ಷವಷ್ಟೇ, 2014ರ ಜುಲೈಯಲ್ಲಿ, ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ವಿಬ್ಗಯಾರ್ ಶಾಲೆಯ ಆರು ವರ್ಷದ ಮಗುವಿನ ಸುದ್ದಿಗೆ ತಂದೆತಾಯಂದಿರು ಬೀದಿಗಿಳಿದಿದ್ದರು. ಪೊಲೀಸರು ಆ ಶಾಲೆಯ ಅಧ್ಯಕ್ಷರನ್ನೂ ಬಂಧಿಸಿದ್ದರು. ಸ್ಟಾಫ್ ರೂಮಿನಲ್ಲಿ ಕೂತು ಅದು ಸಿಟಿಯ ದೊಡ್ಡ ಶಾಲೆಗಳ ವಿಷಯ ಎಂದು ಮಾತಾಡಿಕೊಂಡವರು ನಾವು.

2022ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಮುರುಘಾ ಮಠದ ಹಾಸ್ಟೆಲಿನ ಇಬ್ಬರು ಹುಡುಗಿಯರು ತಮ್ಮ ದೂರು ಹೇಳಿಕೊಂಡದ್ದು ಮೈಸೂರಿನ ಒಡನಾಡಿ ಸಂಸ್ಥೆಯಲ್ಲಿ. ಮೊಕದ್ದಮೆ ದಾಖಲಾದದ್ದೂ ಮೈಸೂರಿನಲ್ಲೇ. ಆರೋಪ ನಿಜವೋ ಅಲ್ಲವೋ ಎಂದು ಹೇಳುವುದು ನ್ಯಾಯಾಲಯದ ಕೆಲಸ. ನನ್ನ ನಿದ್ದೆ ಕೆಡಿಸಿದ್ದು ಆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು. ಹತ್ತಿರದಲ್ಲಿ ಕೇಳುವವರು ಸಿಗದ ಮಕ್ಕಳು ಅಷ್ಟು ದೂರ ಹೋಗಬೇಕು. ನಮ್ಮ ಹುಡುಗಿ ಬಂದದ್ದು ತನ್ನ ಕ್ಲಾಸಿನಿಂದ ಇಪ್ಪತ್ತು ಹೆಜ್ಜೆಗೆ, ನನ್ನ ಮುಂದಕ್ಕೆ.

ಆಮೇಲೆ ಹುಡುಕಿ ಹುಡುಕಿ ಓದಿದೆ. ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ವಿಚಾರಣೆಗೆಂದೇ ಆಸ್ಟ್ರೇಲಿಯಾ 2013ರಲ್ಲಿ ರಾಯಲ್ ಕಮಿಷನ್ ಕೂರಿಸಿತು. ಶಾಲೆ, ಚರ್ಚು, ಅನಾಥಾಲಯಗಳಲ್ಲಿ ಬೆಳೆದ 8,000ಕ್ಕೂ ಹೆಚ್ಚು ಜನ ಖಾಸಗಿಯಾಗಿ ಅದರ ಮುಂದೆ ಕೂತು ಮಾತಾಡಿದರು. 2017ರಲ್ಲಿ ವರದಿ ಬಂತು. ಸಂಸ್ಥೆಯವರೇ ಒಳಗೊಳಗೆ ವಿಚಾರಿಸಿ ಮುಗಿಸುವುದು, ಆರೋಪಿ ಸದ್ದಿಲ್ಲದೆ ಇನ್ನೊಂದು ಕಡೆ ಕೆಲಸಕ್ಕೆ ಸೇರುವುದು: ಸಮುದ್ರದಾಚೆಯ ಶಾಲೆಗಳ ಕಥೆ ಓದುತ್ತಾ ನಮ್ಮ ನಡಾವಳಿಯನ್ನೇ ಓದಿದಂತಾಯಿತು. ಇಂಗ್ಲೆಂಡಿನ ಇಂಥದೇ ವಿಚಾರಣೆ 2022ರಲ್ಲಿ ಮುಗಿದಾಗ, ಗೊತ್ತಾದವರು ತಿಳಿಸುವುದು ಕಡ್ಡಾಯವಾಗಲಿ ಎಂದು ಶಿಫಾರಸು ಮಾಡಿತು. ಆ ಕಾನೂನು ನಮ್ಮಲ್ಲಿ ಆಗಲೇ ಹತ್ತು ವರ್ಷ ಹಳೆಯದು. ಅದೇ ವರ್ಷದ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಒಂದು ಶಾಲಾ ಹಾಸ್ಟೆಲಿನ ಪ್ರಕರಣದಲ್ಲಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದು ಸುಪ್ರೀಂ ಕೋರ್ಟು ಹೇಳಿತು.

ನಮ್ಮ ಶಾಲೆಯ ಆ ಹುಡುಗಿಯ ಮನೆಗೆ ಹೋದೆ. ತಾಯಿ ಕಾಫಿ ಕೊಟ್ಟರು. ತಂದೆ ನನ್ನ ಕ್ಷಮೆಯ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಆಯ್ತು ಮೇಡಂ. ಆವಯ್ಯ ಈಗ ಎಲ್ಲವ್ನೆ?" ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ನಾನು ಕೇಳಿಕೊಳ್ಳದ ಪ್ರಶ್ನೆ ಅದು. ವಿಚಾರಿಸಿದೆ. ಇನ್ನೊಂದು ತಾಲ್ಲೂಕಿನ ಶಾಲೆಯಲ್ಲಿ ಕಲಿಸುತ್ತಿದ್ದ. ಅಲ್ಲಿಯ ಮುಖ್ಯಸ್ಥರು ಫೋನಿನಲ್ಲಿ, "ನಿಮ್ಮ ಶಾಲೆಯ ಪತ್ರ ನೋಡಿಯೇ ಸೇರಿಸಿಕೊಂಡಿದ್ದು" ಅಂದರು.

ಹುಡುಗಿ ಈಗ ದೊಡ್ಡವಳು, ಕೆಲಸದಲ್ಲಿದ್ದಾಳೆ. ದೂರು ಕೊಡುವುದು ಬಿಡುವುದು ಅವಳಿಗೆ ಸೇರಿದ್ದು, ನಾನು ಒತ್ತಾಯಿಸಲಿಲ್ಲ. ನನಗೆ ಗೊತ್ತಿದ್ದದ್ದನ್ನು ಹೇಳುವುದು ಮಾತ್ರ ನನ್ನ ಪಾಲಿನದು. ಬರೆದು ಪೊಲೀಸರಿಗೆ ಕೊಟ್ಟೆ, ಒಂದು ಪ್ರತಿಯನ್ನು ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಹೋಗಿ ಮಕ್ಕಳ ರಕ್ಷಣಾ ಘಟಕಕ್ಕೂ ಕೊಟ್ಟೆ. ಜೊತೆಗಿದ್ದ ಇಬ್ಬರು ಸಮಿತಿ ಸದಸ್ಯರು ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ನಡಾವಳಿ ನಮ್ಮ ಶಾಲೆಯ ಬೀರುವಿನಲ್ಲಿ ಮಾತ್ರ ಇದೆ ಎಂದು ನಾನು ನಂಬುವುದಿಲ್ಲ. 2012ರ ನಂತರ ಶಾಲೆ, ಹಾಸ್ಟೆಲುಗಳಲ್ಲಿ "ಇತ್ಯರ್ಥ"ವಾದ ದೂರುಗಳನ್ನೆಲ್ಲ ಹೊರಗಿನವರು ತೆರೆದು ನೋಡಬೇಕು. ಆಗ ಮಕ್ಕಳಾಗಿದ್ದವರು ಬಂದು ಕೂತು ಹೇಳುವುದಾದರೆ ಮಧ್ಯೆ ತಡೆಯದೆ ಕೇಳಬೇಕು. ಪ್ರಶ್ನೆಗಳನ್ನು ನಮ್ಮಂಥವರಿಗೆ ಹಾಕಬೇಕು: ನಿಮಗೆ ಯಾವತ್ತು ಗೊತ್ತಾಯಿತು, ಯಾರಿಗೆ ಹೇಳಿದಿರಿ, ಆ ಪತ್ರಕ್ಕೆ ಸಹಿ ಹಾಕಿದವರು ಯಾರು? ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಈ ಬೇಡಿಕೆಯನ್ನು ಬರೆದು ಕಳಿಸಿದ್ದೇನೆ. ಮೊದಲ ಹೇಳಿಕೆ ಕೊಡಲು ನಾನು ತಯಾರಿದ್ದೇನೆ ಎಂದೂ ಬರೆದಿದ್ದೇನೆ.