ಸ್ಟೋರ್ ರೂಮು

ಕಾಸರಗೋಡಿನಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ, ಮನೆಗಳ ನಕ್ಷೆ ಮಾಡುವ ಕಚೇರಿಯೊಂದರಲ್ಲಿ ಮೂರು ವರ್ಷ ದುಡಿದೆ. ರಾತ್ರಿ ಎಂಟಾದರೂ ಕಂಪ್ಯೂಟರಿನ ಮುಂದಿನಿಂದ ಏಳುವ ಹಾಗಿಲ್ಲ. ಹೆಚ್ಚಿನ ದುಡಿಮೆಗೆ ಸಂಬಳವಿಲ್ಲ, ಚಾ ಮಾತ್ರ. "ನಾವೆಲ್ಲ ಒಂದೇ ಮನೆಯವರಲ್ವಾ" ಅಂತ ಧಣಿಗಳ ಮಾತು.

ಒಮ್ಮೆ ದೊಡ್ಡ ಮನೆಯೊಂದರಲ್ಲಿ ಕೆಲಸದ ಹೆಂಗಸಿಗೆ ಕೋಣೆ ಬರೆಯಬೇಕಿತ್ತು. 6 ಅಡಿಗೆ 7 ಅಡಿ. ನಾನು ಕಿಟಕಿ ಇಟ್ಟೆ.

"ಅಲ್ಲಿ ಕಪಾಟು ಬರ್ತದೆ, ತೆಗಿ" ಅಂದರು.

ಜನ ಮಲಗುವ ಕೋಣೆಗೆ ಕಟ್ಟಡದ ನಿಯಮ ಪ್ರಕಾರ ಗಾಳಿ, ಬೆಳಕು ಬೇಕಲ್ಲ ಎಂದೆ.

"ಹಾಗಾದ್ರೆ ಸ್ಟೋರ್ ಅಂತ ಬರಿ ಮಾರಾಯ."

ಬರೆದೆ. ಸಂಬಳ ತಪ್ಪೀತೆಂಬ ಹೆದರಿಕೆ.

ಈಗ ಆ ಕೆಲಸ ಬಿಟ್ಟು ಊರಲ್ಲೇ ನಕ್ಷೆ ಮಾಡುತ್ತೇನೆ. ಆದರೆ ಆ ಸ್ಟೋರಿನಲ್ಲಿ ಯಾರೋ ಮಲಗುತ್ತಿದ್ದಾರೆ. ಸೆಖೆಗಾಲ ಬಂದಾಗೆಲ್ಲ ಅದು ನೆನಪಾಗುತ್ತದೆ.