ಸಾರಥಿಯ ಹಾದಿಯಲ್ಲಿ ಜಪಾನಿ ಪಾಠ

ದಾವಣಗೆರೆಗೂ ಬಟ್ಟೆಗೂ ಹಳೆಯ ನಂಟು. ಹತ್ತಿ ಗಿರಣಿಗಳ ಕಾಲದಲ್ಲಿ ಅದು ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿತ್ತು. ಅಲ್ಲಿಂದ ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಯಂತ್ರಗಳ ನಂಟು. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿದೆ. ಆದರೆ 1997ರಲ್ಲಿ ಕಿರ್ಲೋಸ್ಕರ್ ಸಮೂಹ ಜಪಾನಿನ ಟೊಯೋಟಾ ಜೊತೆ ಸೇರಿ ಬಿಡದಿಯ ಕಾರು ಕಾರ್ಖಾನೆಗೆ ನಾಂದಿ ಹಾಡಿತು. ತಾಂತ್ರಿಕ ಶಿಕ್ಷಣ ಪಡೆಯುವ ಈ ಭಾಗದ ವಿದ್ಯಾರ್ಥಿಗಳಿಗೆ ಜಪಾನಿ ಭಾಷೆ ತೀರ ದೂರದ್ದೇನಲ್ಲ.

ಆ ಭಾಷೆಯಲ್ಲಿ ಉಡುಪಿನ ಪದಗಳನ್ನು ಇಂಗ್ಲಿಷಿನ ಮೂಲಕ ಕಲಿಯುವವರು ಎಡವುವುದುಂಟು. ಇಂಗ್ಲಿಷಿಗೆ ಎಲ್ಲಕ್ಕೂ ‘ವೇರ್’ ಒಂದೇ ಸಾಕು. ಕನ್ನಡಕ್ಕೆ ಸಾಲದು. ಹರಿಹರ ತಾಲ್ಲೂಕಿನ ಸಾರಥಿಯ ಹಾದಿಯಲ್ಲಿ ಎದುರಾಗುವ ಜನರನ್ನೇ ನೋಡಿ: ಸೀರೆ ಉಡುತ್ತಾರೆ, ಕುಪ್ಪಸ ತೊಡುತ್ತಾರೆ, ರುಮಾಲು ಸುತ್ತುತ್ತಾರೆ, ಕಂಬಳಿ ಹೊದೆಯುತ್ತಾರೆ, ಹೂ ಮುಡಿಯುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ.

ಜಪಾನಿಯರದೂ ಇದೇ ಕ್ರಮ. ಮೈಮೇಲಿನ ಅಂಗಿಗೆ (ಶಾತ್ಸು) ‘ಕಿರು’, ತಲೆಯ ಟೋಪಿಗೆ (ಬೋಶಿ) ‘ಕಬುರು’, ಕನ್ನಡಕಕ್ಕೆ (ಮೆಗಾನೆ) ‘ಕಕೆರು’, ಉಂಗುರಕ್ಕೆ (ಯುಬಿವಾ) ‘ಹಮೆರು’. ಸೊಂಟದಿಂದ ಕೆಳಗಿನ ಪ್ಯಾಂಟು (ಜುಬೋನ್), ಕಾಲುಚೀಲ (ಕುತ್ಸುಶಿತಾ), ಬೂಟು (ಕುತ್ಸು) ಇವಕ್ಕೆಲ್ಲ ‘ಹಕು’. ನಮ್ಮ ‘ಹಾಕು’ವಿನಂತೆಯೇ ಕೇಳಿಸುವ ಈ ಹೋಲಿಕೆ ಆಕಸ್ಮಿಕ, ನೆಂಟಸ್ತನವಲ್ಲ. ಬೂಟನ್ನು ‘ಹಕು’ ಎಂದರೆ ಸರಿ, ಅಂಗಿಯನ್ನು ‘ಹಕು’ ಎಂದರೆ ತಪ್ಪು! ವಾಕ್ಯರಚನೆಯೂ ಸುಲಭ. ‘ಬೋಶಿ ಓ ಕಬುರು’ ಎಂಬಲ್ಲಿ ‘ಓ’ ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ. ಕ್ರಿಯಾಪದ ಕೊನೆಗೇ ಬರುತ್ತದೆ.

ನಿಜವಾದ ನೆಂಟಸ್ತನ ಬೇರೊಂದು ಪದದಲ್ಲಿದೆ. ನಮ್ಮ ‘ಜುಬ್ಬ’ದ ಮೂಲ ಅರಬ್ಬಿ. ಅದೇ ಅರಬ್ಬಿ ಪದ ಪೋರ್ಚುಗೀಸರ ಭಾಷೆಯನ್ನು ಹೊಕ್ಕು, 16ನೇ ಶತಮಾನದಿಂದ ಜಪಾನಿನೊಡನೆ ವ್ಯವಹರಿಸಿದ ಅವರ ಮೂಲಕ ಅಲ್ಲಿ ‘ಜುಬಾನ್’ ಆಯಿತು. ಕಿಮೋನೊದ ಒಳಗೆ ತೊಡುವ ಉಡುಪದು. ಜಪಾನಿಯರ ‘ಬೊತಾನ್’ ಎಂಬ ಗುಂಡಿಯೂ ಪೋರ್ಚುಗೀಸರ ಕೊಡುಗೆಯೇ.

ಇಂದು ಅನೇಕ ಮಕ್ಕಳ ಮಾತಿನಲ್ಲಿ ಸೀರೆಗೂ ಹೂವಿಗೂ ಚಪ್ಪಲಿಗೂ ‘ಹಾಕು’ ಒಂದೇ ಉಳಿದಿದೆ. ಉಡು, ಮುಡಿ, ಮೆಟ್ಟುಗಳನ್ನು ಮರೆತ ಮಗುವಿಗೆ ಕಿರು, ಕಬುರು, ಹಕುಗಳ ಭೇದ ಬರೀ ಬಾಯಿಪಾಠವಾದೀತು. ಪಾಲಕರು ಜಪಾನಿ ಪುಸ್ತಕ ಕೊಡಿಸುವ ಮುನ್ನ ಮಕ್ಕಳನ್ನು ಒಂದು ಸಂಜೆ ಅಜ್ಜಿಯ ಬಳಿ ಕೂರಿಸಿ, ಯಾವುದನ್ನು ಉಡಬೇಕು, ಯಾವುದನ್ನು ತೊಡಬೇಕು ಎಂದು ಕೇಳಿಸಲಿ.